ಇಂಗ್ಲಿಷ್ ವಾಕ್ಯದಲ್ಲಿ ಎರಡು ‘ಇಂಗ್’ ಒಟ್ಟಿಗೆ ಬಂದಾಗ: ದೋಷ ನಿವಾರಣೆ ಕೈಪಿಡಿ

ರಜೆಯ ಅರ್ಜಿ, ಕಚೇರಿಯ ಇಮೇಲ್, ಸಂದರ್ಶನದ ಉತ್ತರ ಇವುಗಳಲ್ಲೆಲ್ಲ ಇಂಗ್ಲಿಷನ್ನು ಬಳಸಲೇಬೇಕಾದ ಕನ್ನಡಿಗರನ್ನು ಒಂದು ಸಂದೇಹ ಮೇಲಿಂದ ಮೇಲೆ ಕಾಡುತ್ತದೆ. ‘ಇಂಗ್’ ಎಂದು ಮುಗಿಯುವ ಎರಡು ಕ್ರಿಯಾರೂಪಗಳು ಒಂದರ ಬೆನ್ನಿಗೆ ಒಂದು ಬಂದರೆ ವಾಕ್ಯ ಸರಿಯೇ, ತಪ್ಪೇ? ‘ಐ ಆ್ಯಮ್ ಎಂಜಾಯಿಂಗ್ ರೀಡಿಂಗ್ ದಿಸ್ ಬುಕ್’ ಎಂಬ ವಾಕ್ಯವನ್ನು ಯಾರೂ ತಿದ್ದುವುದಿಲ್ಲ. ‘ಇಟ್ ಈಸ್ ಸ್ಟಾರ್ಟಿಂಗ್ ರೇನಿಂಗ್’ ಎಂದರೆ ಇಂಗ್ಲಿಷ್ ಬಲ್ಲವರು ತಕ್ಷಣ ಹುಬ್ಬೇರಿಸುತ್ತಾರೆ. ನೋಡುವುದಕ್ಕೆ ಎರಡೂ ಒಂದೇ ಅಚ್ಚಿನ ವಾಕ್ಯಗಳು. ಕಾರಣ ತಿಳಿಯದೆ ಕೆಲವರು ಎರಡು ‘ಇಂಗ್’ ಕಂಡಲ್ಲೆಲ್ಲ ಒಂದನ್ನು ಹೊಡೆದುಹಾಕುತ್ತಾರೆ, ಇನ್ನು ಕೆಲವರು ಎಲ್ಲವನ್ನೂ ಹಾಗೆಯೇ ಬಿಡುತ್ತಾರೆ. ಮೊದಲಿನವರ ಕೈಯಲ್ಲಿ ಸರಿಯಿದ್ದ ವಾಕ್ಯ ಕೆಡುತ್ತದೆ, ಎರಡನೆಯವರ ಕೈಯಲ್ಲಿ ಕೆಟ್ಟ ವಾಕ್ಯ ಉಳಿದುಬಿಡುತ್ತದೆ.

ಎರಡು ‘ಇಂಗ್’ ಇರುವುದೇ ದೋಷವೆಂದು ತಿಳಿಯುವುದು ತಪ್ಪು. ಆ ಎರಡರಲ್ಲಿ ಒಂದೊಂದೂ ವಾಕ್ಯದಲ್ಲಿ ಯಾವ ಕೆಲಸ ಮಾಡುತ್ತಿದೆ, ಎರಡನೆಯದು ಮೊದಲನೆಯದಕ್ಕೆ ಏನಾಗಬೇಕು ಎಂಬುದನ್ನು ಕಂಡುಕೊಂಡರೆ ದೋಷ ಎಲ್ಲಿದೆಯೆಂಬುದು ತಾನಾಗಿ ಗೊತ್ತಾಗುತ್ತದೆ. ಈ ಪರೀಕ್ಷೆಗೆ ಕನ್ನಡ ಬಲ್ಲವರಲ್ಲಿ ಒಳ್ಳೆಯ ಸಾಧನವೊಂದು ಈಗಾಗಲೇ ಇದೆ. ಇಂಗ್ಲಿಷ್ ಒಂದೇ ಪ್ರತ್ಯಯದಿಂದ ಮಾಡಿಸುವ ನಾಲ್ಕು ಕೆಲಸಗಳಿಗೆ ಕನ್ನಡದಲ್ಲಿ ನಾಲ್ಕು ಬೇರೆ ಬೇರೆ ರೂಪಗಳಿವೆ.

ಮೊದಲ ತಪಾಸಣೆ: ಎರಡೂ ಕ್ರಿಯಾರೂಪಗಳೇ?

‘ವಿ ಆರ್ ಅಟೆಂಡಿಂಗ್ ಅ ಮೀಟಿಂಗ್ ದಿಸ್ ಮಾರ್ನಿಂಗ್’ ಎಂಬ ವಾಕ್ಯದಲ್ಲಿ ಮೂರು ಬಾರಿ ‘ಇಂಗ್’ ಕೇಳಿಸಿದರೂ ಕ್ರಿಯೆ ಒಂದೇ. ‘ಮಾರ್ನಿಂಗ್’ ಹೊತ್ತಿನ ಹೆಸರು, ‘ಮೀಟಿಂಗ್’ ಪೂರ್ತಿ ನಾಮಪದವಾಗಿಬಿಟ್ಟ ಮಾತು. ವೆಡ್ಡಿಂಗ್, ಬಿಲ್ಡಿಂಗ್, ಈವ್ನಿಂಗ್, ನಥಿಂಗ್, ಡ್ಯೂರಿಂಗ್ ಇವೆಲ್ಲ ಇದೇ ಗುಂಪಿಗೆ ಸೇರುತ್ತವೆ. ‘ಬ್ರಿಂಗ್’, ‘ಸಿಂಗ್’, ‘ರಿಂಗ್’ ಎಂಬ ಧಾತುಗಳಲ್ಲಿ ಆ ಧ್ವನಿ ಮೂಲದಲ್ಲಿಯೇ ಇರುವುದರಿಂದ ‘ಬ್ರಿಂಗಿಂಗ್’ ಎಂಬಲ್ಲಿ ಪ್ರತ್ಯಯ ಇರುವುದು ಒಂದೇ. ಹಿಂದೆ ‘ಅ’, ‘ದ’, ‘ದಿಸ್’, ‘ಮೈ’ ಇಂತಹ ಪದ ಬಂದಿದ್ದರೆ ಅಥವಾ ಕೊನೆಗೆ ಬಹುವಚನದ ‘ಸ್’ ಹತ್ತುವಂತಿದ್ದರೆ ಅದನ್ನು ನಾಮಪದವೆಂದು ಬದಿಗಿಡಬಹುದು. ಇಷ್ಟನ್ನು ತೆಗೆದ ಮೇಲೂ ಎರಡು ‘ಇಂಗ್’ ಉಳಿದರೆ ಮಾತ್ರ ಮುಂದಿನ ತಪಾಸಣೆಗೆ ಹೋಗಬೇಕು.

ಒಂದೊಂದರ ಕೆಲಸವನ್ನು ಗುರುತಿಸುವುದು

‘ರೈಟಿಂಗ್’ ಎಂಬ ಒಂದೇ ರೂಪವನ್ನು ತೆಗೆದುಕೊಳ್ಳೋಣ. ‘ಹಿ ಈಸ್ ರೈಟಿಂಗ್’ ಎಂಬಲ್ಲಿ ಅದು ‘ಬರೆಯುತ್ತಿದ್ದಾನೆ’, ಕಾಲವನ್ನು ಹೇಳುತ್ತದೆ. ‘ರೈಟಿಂಗ್ ಈಸ್ ಹಾರ್ಡ್’ ಎಂಬಲ್ಲಿ ‘ಬರೆಯುವುದು’. ನಾಮಪದದ ಸ್ಥಾನದಲ್ಲಿ ನಿಂತಿದೆ. ‘ದ ಮ್ಯಾನ್ ರೈಟಿಂಗ್ ದ ಲೆಟರ್’ ಎಂಬಲ್ಲಿ ‘ಪತ್ರ ಬರೆಯುವ ಅಥವಾ ಬರೆಯುತ್ತಿರುವ’ ಮನುಷ್ಯ. ಇನ್ನೊಂದು ನಾಮಪದಕ್ಕೆ ವಿಶೇಷಣವಾಗಿದೆ. ‘ಹಿ ಸ್ಯಾಟ್ ರೈಟಿಂಗ್’ ಎಂಬಲ್ಲಿ ‘ಬರೆಯುತ್ತಾ’ ಕುಳಿತಿದ್ದ. ಮುಖ್ಯ ಕ್ರಿಯೆಯ ಜೊತೆಗೆ ನಡೆಯುವ ಇನ್ನೊಂದು ಕ್ರಿಯೆ. ಶಾಲೆಯ ವ್ಯಾಕರಣದಲ್ಲಿ ‘ಬರೆಯುವ’ ಎಂಬುದನ್ನು ಕೃದಂತನಾಮವೆಂದೂ ‘ಬರೆಯುತ್ತಾ’ ಎಂಬುದನ್ನು ಕೃದಂತಾವ್ಯಯವೆಂದೂ ಓದಿದ್ದವರಿಗೆ ಈ ವಿಭಾಗ ಹೊಸದಲ್ಲ.

ಇಂಗ್ಲಿಷಿನಲ್ಲಿ ಇವೆಲ್ಲ ಒಂದೇ ರೂಪಕ್ಕೆ ಬಂದು ಸೇರಿದ್ದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. ಹಳೆಯ ಇಂಗ್ಲಿಷಿನಲ್ಲಿ ‘ಮಾಡುತ್ತಾ, ಮಾಡುತ್ತಿರುವ’ ಎಂಬ ಅರ್ಥಕ್ಕೆ ‘ಎಂಡೆ’ ಎಂಬ ಪ್ರತ್ಯಯವೂ ‘ಮಾಡುವಿಕೆ’ ಎಂಬ ಅರ್ಥಕ್ಕೆ ‘ಉಂಗ್’ ಅಥವಾ ‘ಇಂಗ್’ ಎಂಬ ಪ್ರತ್ಯಯವೂ ಬೇರೆ ಬೇರೆಯಾಗಿದ್ದವು. ಸ್ಥೂಲವಾಗಿ 1100ರಿಂದ 1500ರವರೆಗಿನ ಮಧ್ಯಕಾಲೀನ ಇಂಗ್ಲಿಷಿನಲ್ಲಿ ಮೊದಲನೆಯದು ಕ್ರಮೇಣ ಸವೆದು ಎರಡನೆಯದರ ರೂಪವನ್ನೇ ಪಡೆಯಿತು. ಅಂದಿನಿಂದ ಓದುವವರೇ ಸಂದರ್ಭ ನೋಡಿ ಕೆಲಸವನ್ನು ಊಹಿಸಿಕೊಳ್ಳಬೇಕಾಗಿದೆ. ಕನ್ನಡ ಹಾಗೆ ಮಾಡದೆ ರೂಪಗಳನ್ನು ಬೇರೆಯಾಗಿಯೇ ಉಳಿಸಿಕೊಂಡಿರುವುದು ಈ ವಿಷಯದಲ್ಲಿ ನಮಗೆ ದೊಡ್ಡ ಉಪಕಾರ.

ಆದ್ದರಿಂದ ಸಂದೇಹ ಬಂದ ವಾಕ್ಯದ ಪ್ರತಿ ‘ಇಂಗ್’ ಕೆಳಗೂ ಅದರ ಕನ್ನಡ ರೂಪವನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ‘ಎಂಜಾಯಿಂಗ್ ರೀಡಿಂಗ್’ ಎಂಬುದರ ಕೆಳಗೆ ‘ಓದುವುದನ್ನು ಆನಂದಿಸುತ್ತಿದ್ದೇನೆ’ ಎಂದು ಬರುತ್ತದೆ: ಮೊದಲನೆಯದು ಕಾಲ, ಎರಡನೆಯದು ಅದರ ಕರ್ಮ. ‘ಬೋರ್ಡಿಂಗ್ ಅ ಮೂವಿಂಗ್ ಬಸ್ ಈಸ್ ಡೇಂಜರಸ್’ ಎಂಬುದರ ಕೆಳಗೆ ‘ಚಲಿಸುತ್ತಿರುವ ಬಸ್ಸನ್ನು ಹತ್ತುವುದು’ ಎಂದು ಬರುತ್ತದೆ: ಒಂದು ನಾಮ, ಇನ್ನೊಂದು ವಿಶೇಷಣ. ‘ಐ ಹೇಟ್ ಬೀಯಿಂಗ್ ಕೆಪ್ಟ್ ವೇಟಿಂಗ್’ ಎಂಬುದು ಮೊದಲ ನೋಟಕ್ಕೆ ಗೋಜಲು ಎನಿಸಿದರೂ ‘ನನ್ನನ್ನು ಕಾಯಿಸುವುದು ನನಗೆ ಆಗದು’ ಎಂಬ ಅರ್ಥದ ಶುದ್ಧ ಇಂಗ್ಲಿಷ್. ಇವುಗಳಲ್ಲಿ ಯಾವುದನ್ನೂ ತಿದ್ದಬೇಕಾಗಿಲ್ಲ.

ಲಕ್ಷಣ: ‘ಸ್ಟಾರ್ಟಿಂಗ್ ರೇನಿಂಗ್’

ಈಗ ನಿಜವಾದ ದೋಷಕ್ಕೆ ಬರೋಣ. ‘ಇಟ್ ಸ್ಟಾರ್ಟೆಡ್ ರೇನಿಂಗ್’ ಸರಿ, ‘ಇಟ್ ಸ್ಟಾರ್ಟೆಡ್ ಟು ರೇನ್’ ಕೂಡ ಸರಿ. ಆದರೆ ‘ಸ್ಟಾರ್ಟ್’ ಎಂಬುದು ತಾನೇ ‘ಸ್ಟಾರ್ಟಿಂಗ್’ ಆದ ಕೂಡಲೇ ಅದರ ಮುಂದೆ ‘ರೇನಿಂಗ್’ ನಿಲ್ಲುವುದಿಲ್ಲ; ‘ಇಟ್ ಈಸ್ ಸ್ಟಾರ್ಟಿಂಗ್ ಟು ರೇನ್’ ಎನ್ನಲೇಬೇಕು. ಹೀಗೆ ಕೆಲವು ಕ್ರಿಯಾಪದಗಳ ನಂತರ ಎರಡು ‘ಇಂಗ್’ ಒತ್ತಾಗಿ ಬರುವುದನ್ನು ಇಂಗ್ಲಿಷ್ ಸಹಿಸದೆಂಬ ಸಂಗತಿಯನ್ನು ಅಮೆರಿಕದ ಭಾಷಾವಿಜ್ಞಾನಿ ಜಾನ್ ರಾಬರ್ಟ್ ರಾಸ್ 1972ರಲ್ಲಿ ವಿವರವಾಗಿ ಚರ್ಚಿಸಿದರು. ನಮ್ಮ ಉಪಯೋಗಕ್ಕೆ ಬೇಕಾದಷ್ಟನ್ನು ಹೀಗೆ ಹೇಳಬಹುದು: ಒಂದು ಕ್ರಿಯೆಯ ಆರಂಭ, ಮುಂದುವರಿಕೆ, ನಿಲುಗಡೆಯನ್ನು ಹೇಳುವ ಕ್ರಿಯಾಪದಗಳಾದ ಸ್ಟಾರ್ಟ್, ಬಿಗಿನ್, ಕಂಟಿನ್ಯೂ, ಕೀಪ್, ಸ್ಟಾಪ್ ಇವು ‘ಇಂಗ್’ ರೂಪ ತಾಳಿದಾಗ ತಮ್ಮ ಪಕ್ಕದಲ್ಲಿಯೇ ಇನ್ನೊಂದು ‘ಇಂಗ್’ ಬರುವುದನ್ನು ಒಪ್ಪುವುದಿಲ್ಲ, ಅಥವಾ ಬಹಳ ಮುಜುಗರದಿಂದ ಒಪ್ಪುತ್ತವೆ.

ಪರಿಹಾರ ಎಲ್ಲಕ್ಕೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಸ್ಟಾರ್ಟ್, ಬಿಗಿನ್, ಕಂಟಿನ್ಯೂ ಇವು ‘ಇಂಗ್’ ಮತ್ತು ‘ಟು’ ಎರಡನ್ನೂ ಸ್ವೀಕರಿಸುವ ಕ್ರಿಯಾಪದಗಳಾದ್ದರಿಂದ ಎರಡನೆಯ ‘ಇಂಗ್’ ತೆಗೆದು ‘ಟು’ ಹಾಕಿದರೆ ಸಾಕು: ‘ಶಿ ಈಸ್ ಬಿಗಿನಿಂಗ್ ಟು ವಾಕ್’, ‘ದ ಪ್ರೈಸಸ್ ಆರ್ ಕಂಟಿನ್ಯೂಯಿಂಗ್ ಟು ರೈಸ್’. ‘ಕೀಪ್’ ಮತ್ತು ‘ಸ್ಟಾಪ್’ ಹಾಗಲ್ಲ. ‘ಹಿ ಈಸ್ ಕೀಪಿಂಗ್ ಟಾಕಿಂಗ್’ ಎಂಬುದನ್ನು ‘ಕೀಪಿಂಗ್ ಟು ಟಾಕ್’ ಎಂದು ತಿದ್ದಿದರೆ ದೋಷ ಇನ್ನೂ ಹೆಚ್ಚುತ್ತದೆ, ಏಕೆಂದರೆ ಈ ಅರ್ಥದ ‘ಕೀಪ್’ಗೆ ‘ಟು’ ಹೊಂದುವುದೇ ಇಲ್ಲ. ‘ಈಸ್ ಸ್ಟಾಪಿಂಗ್ ಟು ಟಾಕ್’ ಎಂದರೆ ಅರ್ಥವೇ ಬದಲಾಗಿ ‘ಮಾತಾಡಲೆಂದು ನಿಲ್ಲುತ್ತಿದ್ದಾನೆ’ ಎಂದಾಗುತ್ತದೆ. ಇವೆರಡರಲ್ಲಿ ಎರಡನೆಯ ಪದವನ್ನು ಮುಟ್ಟದೆ ಮೊದಲನೆಯದನ್ನು ಸಾಮಾನ್ಯ ರೂಪಕ್ಕೆ ಇಳಿಸಬೇಕು: ‘ಹಿ ಕೀಪ್ಸ್ ಟಾಕಿಂಗ್’, ‘ಹಿ ಹ್ಯಾಸ್ ಸ್ಟಾಪ್ಡ್ ಟಾಕಿಂಗ್’. ಕನ್ನಡದ ‘ಮಾತಾಡುತ್ತಲೇ ಇದ್ದಾನೆ’ ಎಂಬುದಕ್ಕೆ ‘ಕೀಪ್ಸ್ ಟಾಕಿಂಗ್’ ಅಷ್ಟೇ ಸಾಕು. ‘ಇದ್ದಾನೆ’ ಎಂಬುದನ್ನು ಕಂಡು ‘ಈಸ್’ ಸೇರಿಸುವುದರಿಂದಲೇ ಈ ತಪ್ಪು ಹುಟ್ಟುತ್ತದೆ.

ನಡುವೆ ಬೇರೆ ಪದ ಬಂದರೆ ತೊಡಕು ಇಲ್ಲವಾಗುವುದೂ ಉಂಟು. ‘ಯು ಆರ್ ಕೀಪಿಂಗ್ ಅಸ್ ವೇಟಿಂಗ್’ ಎಂಬಲ್ಲಿ ‘ಅಸ್’ ಎಂಬ ಕರ್ಮ ನಡುವೆ ಇರುವುದರಿಂದ ವಾಕ್ಯ ಪೂರ್ತಿ ಸಹಜವಾಗಿದೆ. ಇನ್ನೊಂದು ಎಚ್ಚರಿಕೆಯೆಂದರೆ ಮೊದಲನೆಯ ‘ಇಂಗ್’ ಕಾಲವನ್ನು ಹೇಳದೆ ನಾಮವಾಗಿ ಬಂದಾಗಲೂ ಈ ಮುಜುಗರ ತಪ್ಪುವುದಿಲ್ಲ. ‘ಬಿಫೋರ್ ಸ್ಟಾರ್ಟಿಂಗ್ ವರ್ಕಿಂಗ್ ಹಿಯರ್’ ಎಂದು ಸ್ವವಿವರದಲ್ಲಿ ಬರೆಯುವವರಿದ್ದಾರೆ. ‘ಬಿಫೋರ್ ಸ್ಟಾರ್ಟಿಂಗ್ ವರ್ಕ್ ಹಿಯರ್’ ಅಥವಾ ‘ಬಿಫೋರ್ ಸ್ಟಾರ್ಟಿಂಗ್ ಟು ವರ್ಕ್ ಹಿಯರ್’ ಎನ್ನುವುದು ಸರಿ.

ಇದೇ ಭಯದಿಂದ ಸರಿಯಾದ ಜೋಡಿಗಳನ್ನು ಒಡೆಯಬಾರದು. ಕನ್ಸಿಡರ್, ಅವಾಯ್ಡ್, ಎಂಜಾಯ್, ಪ್ರಾಕ್ಟೀಸ್, ಪೋಸ್ಟ್‌ಪೋನ್, ರಿಸ್ಕ್ ಇವುಗಳ ಮುಂದೆ ಬರುವ ಕ್ರಿಯೆಗೆ ‘ಇಂಗ್’ ಒಂದೇ ದಾರಿ. ಆದ್ದರಿಂದ ‘ವಿ ಆರ್ ಕನ್ಸಿಡರಿಂಗ್ ಬೈಯಿಂಗ್ ಅ ಹೌಸ್’, ‘ಹಿ ಈಸ್ ಅವಾಯ್ಡಿಂಗ್ ಮೀಟಿಂಗ್ ಮಿ’ ಎಂಬಲ್ಲಿ ಎರಡು ‘ಇಂಗ್’ ಇರಬೇಕಾದದ್ದೇ. ‘ಕನ್ಸಿಡರಿಂಗ್ ಟು ಬೈ’ ಎಂದು ತಿದ್ದಿದವರು ಇಲ್ಲದ ಕಾಯಿಲೆಗೆ ಮದ್ದು ಕೊಟ್ಟಂತೆ.

ಲಕ್ಷಣ: ಎರಡನೆಯದು ‘ಟು’ ಆಗಬೇಕಿತ್ತು

ಹೆಚ್ಚಿನ ದೋಷಗಳು ಈ ಗುಂಪಿನವು. ರಜೆಯ ಅರ್ಜಿಗಳಲ್ಲಿ ಕಾಣುವ ಬಗೆಯ ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ: ‘ಐ ಆ್ಯಮ್ ಪ್ಲಾನಿಂಗ್ ಗೋಯಿಂಗ್ ಟು ಮೈ ನೇಟಿವ್ ಪ್ಲೇಸ್ ನೆಕ್ಸ್ಟ್ ವೀಕ್ ಫಾರ್ ಅಟೆಂಡಿಂಗ್ ಮೈ ಸಿಸ್ಟರ್ಸ್ ವೆಡ್ಡಿಂಗ್.’ ನಾಲ್ಕು ‘ಇಂಗ್’ ಇವೆ. ‘ವೆಡ್ಡಿಂಗ್’ ನಾಮಪದ, ಬದಿಗಿಡೋಣ. ‘ಪ್ಲಾನಿಂಗ್’ ಎಂಬುದರ ಕೆಳಗೆ ‘ಯೋಚಿಸುತ್ತಿದ್ದೇನೆ’ ಎಂದು ಬರೆದೆವು. ಅದು ಕಾಲ, ಸರಿಯಾಗಿದೆ. ‘ಗೋಯಿಂಗ್’ ಎಂಬುದರ ಕೆಳಗೆ ಏನು ಬರುತ್ತದೆ? ‘ಹೋಗುವುದನ್ನು’ ಎಂದು ಯಾರೂ ಹೇಳುವುದಿಲ್ಲ. ‘ಹೋಗಲು’, ‘ಹೋಗಬೇಕೆಂದು’ ಎನ್ನುತ್ತೇವೆ. ಮೈಸೂರಿನ ಕಡೆಯ ‘ಹೋಗೋಕೆ’, ಕರಾವಳಿಯ ‘ಹೋಗ್ಲಿಕ್ಕೆ’, ಉತ್ತರ ಕರ್ನಾಟಕದ ‘ಹೋಗಾಕ’ ಎಲ್ಲವೂ ಅದೇ ರೂಪ. ಅಂದರೆ ಇಲ್ಲಿ ಬೇಕಾದದ್ದು ‘ಟು ಗೋ’. ಕೊನೆಯ ‘ಫಾರ್ ಅಟೆಂಡಿಂಗ್’ ಎಂಬುದು ‘ಹಾಜರಾಗುವುದಕ್ಕಾಗಿ’ ಎಂಬುದರ ಪದಶಃ ರೂಪ. ಒಂದು ವಸ್ತು ಯಾವ ಕೆಲಸಕ್ಕೆ ಬರುತ್ತದೆಂದು ಹೇಳುವಾಗ ‘ಅ ನೈಫ್ ಫಾರ್ ಕಟಿಂಗ್ ವೆಜಿಟಬಲ್ಸ್’ ಎನ್ನಬಹುದು. ಮನುಷ್ಯನೊಬ್ಬ ಯಾವ ಉದ್ದೇಶದಿಂದ ಹೋಗುತ್ತಾನೆಂದು ಹೇಳುವಾಗ ‘ಟು ಅಟೆಂಡ್’ ಎನ್ನಬೇಕು. ತಿದ್ದಿದ ವಾಕ್ಯ ‘ಐ ಆ್ಯಮ್ ಪ್ಲಾನಿಂಗ್ ಟು ಗೋ ಟು ಮೈ ನೇಟಿವ್ ಪ್ಲೇಸ್ ನೆಕ್ಸ್ಟ್ ವೀಕ್ ಟು ಅಟೆಂಡ್ ಮೈ ಸಿಸ್ಟರ್ಸ್ ವೆಡ್ಡಿಂಗ್’ ಎಂದಾಗುತ್ತದೆ. ತಂಗಿಯ ಮದುವೆಗೆ ಹೋಗುವುದು ಯೋಚನೆಯ ಹಂತದಲ್ಲಿರುವ ಸಂಗತಿಯಲ್ಲವಾದ್ದರಿಂದ ‘ಪ್ಲಾನಿಂಗ್’ ತೆಗೆದು ‘ಐ ಆ್ಯಮ್ ಗೋಯಿಂಗ್’ ಎಂದೇ ಬರೆಯುವುದು ನನಗೆ ಹೆಚ್ಚು ಮೆಚ್ಚಿಗೆ. ನಿಶ್ಚಯವಾದ ಮುಂದಿನ ಪ್ರಯಾಣವನ್ನು ಆ ರೂಪವೇ ಹೇಳುತ್ತದೆ.

ಪ್ಲಾನ್, ಹೋಪ್, ಡಿಸೈಡ್, ಅಗ್ರೀ, ರಿಫ್ಯೂಸ್, ಪ್ರಾಮಿಸ್, ಮ್ಯಾನೇಜ್, ವಾಂಟ್ ಇವುಗಳ ಮುಂದೆ ‘ಟು’ ಬರುತ್ತದೆ. ಇವುಗಳಲ್ಲಿ ಹೆಚ್ಚಿನವು ಇನ್ನೂ ನಡೆಯದ, ಮುಂದೆ ನಡೆಯಬೇಕಾದ ಕ್ರಿಯೆಯತ್ತ ಮುಖ ಮಾಡಿವೆ. ‘ಇಂಗ್’ ಬೇಡುವ ಅಡ್ಮಿಟ್, ಡಿನೈ, ಫಿನಿಶ್ ಇಂತಹವು ಆಗಿಹೋದ ಅಥವಾ ಆಗುತ್ತಿರುವ ಕ್ರಿಯೆಯನ್ನು ಕುರಿತವು. ಇದು ಪೂರ್ತಿ ನಂಬಬಹುದಾದ ನಿಯಮವಲ್ಲ, ‘ಸಜೆಸ್ಟ್’ ಮತ್ತು ‘ಪೋಸ್ಟ್‌ಪೋನ್’ ಎರಡೂ ಅದನ್ನು ಮುರಿಯುತ್ತವೆ; ಆದರೂ ನಿಘಂಟು ಕೈಗೆ ಸಿಗದ ಹೊತ್ತಿನಲ್ಲಿ ದಾರಿ ತೋರಿಸುತ್ತದೆ.

ಒಂದೇ ಕ್ರಿಯಾಪದ ಎರಡೂ ರೂಪಗಳನ್ನು ಪಡೆದು ಎರಡು ಅರ್ಥ ಕೊಡುವ ಕಡೆಗಳಲ್ಲಿ ಕನ್ನಡದ ಪರೀಕ್ಷೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ‘ಐ ರಿಮೆಂಬರ್ ಲಾಕಿಂಗ್ ದ ಡೋರ್’ ಎಂದರೆ ಬೀಗ ಹಾಕಿದ್ದು ನೆನಪಿದೆ. ‘ರಿಮೆಂಬರ್ ಟು ಲಾಕ್ ದ ಡೋರ್’ ಎಂದರೆ ಬೀಗ ಹಾಕಲು ನೆನಪಿಟ್ಟುಕೊ. ‘ದೇ ಸ್ಟಾಪ್ಡ್ ಟಾಕಿಂಗ್’ ಮಾತಾಡುವುದನ್ನು ನಿಲ್ಲಿಸಿದರು, ‘ದೇ ಸ್ಟಾಪ್ಡ್ ಟು ಟಾಕ್’ ಮಾತಾಡಲು ನಿಂತರು. ‘ಉವುದು’, ‘ಇದ್ದು’ ಎಂಬ ರೂಪ ಬಂದಲ್ಲಿ ‘ಇಂಗ್’, ‘ಅಲು’ ಬಂದಲ್ಲಿ ‘ಟು’.

‘ಟ್ರೈ’ ಎಂಬುದೂ ಇದೇ ಜಾತಿಯದು. ‘ಟ್ರೈ ರೀಸ್ಟಾರ್ಟಿಂಗ್ ದ ಫೋನ್’ ಎಂದರೆ ಒಮ್ಮೆ ಹಾಗೆ ಮಾಡಿ ನೋಡು, ಪರಿಣಾಮ ಏನೆಂದು ತಿಳಿಯುತ್ತದೆ ಎಂದರ್ಥ. ‘ಟ್ರೈ ಟು ರೀಸ್ಟಾರ್ಟ್’ ಎಂದರೆ ಆ ಕೆಲಸವೇ ಕಷ್ಟ, ಆಗುವಂತೆ ಪ್ರಯತ್ನಪಡು ಎಂದರ್ಥ. ಫೋನಿನಲ್ಲಿ ಕೇಳಿಬರುವ ‘ಐ ಆ್ಯಮ್ ಟ್ರೈಯಿಂಗ್ ಕಾಲಿಂಗ್ ಯು ಸಿನ್ಸ್ ಮಾರ್ನಿಂಗ್’ ಎಂಬ ವಾಕ್ಯದಲ್ಲಿ ಎರಡು ದೋಷಗಳು ಒಂದರ ಮೇಲೊಂದು ಕುಳಿತಿವೆ. ಲೈನ್ ಸಿಗದೆ ಪ್ರಯತ್ನಿಸುತ್ತಿರುವುದರಿಂದ ‘ಟ್ರೈಯಿಂಗ್ ಟು ಕಾಲ್’ ಎಂದಾಗಬೇಕು; ‘ಬೆಳಿಗ್ಗೆಯಿಂದ’ ಎಂಬ ಮಾತು ಇರುವುದರಿಂದ ‘ಆ್ಯಮ್’ ಬದಲು ‘ಹ್ಯಾವ್ ಬೀನ್’ ಬೇಕು. ‘ಐ ಹ್ಯಾವ್ ಬೀನ್ ಟ್ರೈಯಿಂಗ್ ಟು ಕಾಲ್ ಯು ಸಿನ್ಸ್ ಮಾರ್ನಿಂಗ್’ ಎಂಬುದು ಸರಿಯಾದ ರೂಪ. ಕನ್ನಡದಲ್ಲಿ ‘ಬೆಳಿಗ್ಗೆಯಿಂದ ಪ್ರಯತ್ನಿಸುತ್ತಿದ್ದೇನೆ’ ಎಂದು ವರ್ತಮಾನದಲ್ಲಿಯೇ ಹೇಳುವುದರಿಂದ ಎರಡನೆಯ ದೋಷ ನಮ್ಮ ಕಣ್ಣಿಗೆ ಬೀಳುವುದು ತಡ.

ಕನ್ನಡದ ಪರೀಕ್ಷೆ ಕೈಕೊಡುವ ಜಾಗಗಳು

ಈ ಸಾಧನ ಎಲ್ಲಿ ದಾರಿ ತಪ್ಪಿಸುತ್ತದೆಂಬುದನ್ನೂ ಹೇಳಲೇಬೇಕು. ‘ನಿಮ್ಮನ್ನು ಭೇಟಿಯಾಗಲು ಎದುರು ನೋಡುತ್ತಿದ್ದೇನೆ’ ಎಂಬಲ್ಲಿ ‘ಅಲು’ ಇದೆ. ಅದನ್ನು ನಂಬಿ ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಎಂದು ಬರೆಯುವವರು ಅಸಂಖ್ಯರು. ಇಲ್ಲಿಯ ‘ಟು’ ಎಂಬುದು ‘ಕಡೆಗೆ’ ಎಂಬ ಅರ್ಥದ ವಿಭಕ್ತಿಸೂಚಕ ಪದ. ಇಂತಹ ಪದದ ಮುಂದೆ ಕ್ರಿಯೆ ಬಂದರೆ ಅದು ನಾಮರೂಪದಲ್ಲಿಯೇ, ಅಂದರೆ ‘ಇಂಗ್’ ಹೊತ್ತೇ ಬರಬೇಕು: ‘ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು’. ಯಾವ ‘ಟು’ ಎಂದು ತಿಳಿಯಲು ಅದರ ಮುಂದೆ ಒಂದು ಸಾದಾ ನಾಮಪದವನ್ನಿಟ್ಟು ನೋಡಬಹುದು. ‘ಲುಕಿಂಗ್ ಫಾರ್ವರ್ಡ್ ಟು ದ ಹಾಲಿಡೇಸ್’ ನಿಲ್ಲುತ್ತದೆ, ಹಾಗಾಗಿ ‘ಮೀಟಿಂಗ್’ ಬೇಕು; ‘ಪ್ಲಾನಿಂಗ್ ಟು ದ ಹಾಲಿಡೇಸ್’ ನಿಲ್ಲುವುದಿಲ್ಲ, ಹಾಗಾಗಿ ‘ಗೋ’ ಸಾಕು. ‘ಥಿಂಕಿಂಗ್ ಆಫ್ ರಿಸೈನಿಂಗ್’, ‘ಇನ್ಸಿಸ್ಟಿಂಗ್ ಆನ್ ಪೇಯಿಂಗ್’, ‘ಪ್ಲಾನಿಂಗ್ ಆನ್ ಗೋಯಿಂಗ್’ ಇವುಗಳಲ್ಲಿ ನಡುವಿನ ಚಿಕ್ಕ ಪದವೇ ಎರಡನೆಯ ‘ಇಂಗ್’ ಅನ್ನು ಬೇಡುತ್ತದೆ.

‘ಬೇಗ ಹೊರಡಲು ಸೂಚಿಸಿದರು’ ಎಂಬುದು ‘ಸಜೆಸ್ಟೆಡ್ ಟು ಲೀವ್ ಅರ್ಲಿ’ ಆಗುವುದಿಲ್ಲ, ‘ಸಜೆಸ್ಟೆಡ್ ಲೀವಿಂಗ್ ಅರ್ಲಿ’ ಆಗುತ್ತದೆ. ‘ಓದಿ ಮುಗಿಸಿದೆ’ ಎಂಬಲ್ಲಿ ಕನ್ನಡ ‘ಓದಿ’ ಎನ್ನುತ್ತದೆ, ಇಂಗ್ಲಿಷ್ ‘ಫಿನಿಶ್ಡ್ ರೀಡಿಂಗ್’ ಎನ್ನುತ್ತದೆ. ‘ಅಡುಗೆ ಮಾಡುವುದರಲ್ಲಿ ನಿರತಳು’ ಎಂಬುದರ ‘ಅಲ್ಲಿ’ಯನ್ನು ಉಳಿಸಿಕೊಂಡು ‘ಬಿಸಿ ಇನ್ ಕುಕಿಂಗ್’ ಎನ್ನುವುದು ಬೇಡ. ‘ಬಿಸಿ ಕುಕಿಂಗ್’ ಅಷ್ಟೇ. ಇನ್ನು ‘ಐ ಆ್ಯಮ್ ಲೈಕಿಂಗ್ ಸಿಂಗಿಂಗ್’, ‘ಐ ಆ್ಯಮ್ ವಾಂಟಿಂಗ್ ಗೋಯಿಂಗ್’ ಎಂಬಂತಹ ವಾಕ್ಯಗಳಲ್ಲಿ ದೋಷ ಮೊದಲನೆಯದರಲ್ಲೇ ಇದೆ: ಮನಸ್ಸಿನ ಸ್ಥಿತಿ ಹೇಳುವ ಲೈಕ್, ವಾಂಟ್, ನೋ ಇವು ಸಾಮಾನ್ಯವಾಗಿ ‘ಇಂಗ್’ ರೂಪದ ಕಾಲವನ್ನು ಪಡೆಯುವುದಿಲ್ಲ. ‘ಐ ಲೈಕ್ ಸಿಂಗಿಂಗ್’, ‘ಐ ವಾಂಟ್ ಟು ಗೋ’ ಎಂದರೆ ಮುಗಿಯಿತು.

ಲಕ್ಷಣ: ಜೊತೆಜೊತೆಯಾಗಿ ನಡೆಯುವ ಕ್ರಿಯೆಗಳು

‘ಶಿ ವಾಸ್ ಸಿಟಿಂಗ್ ರೀಡಿಂಗ್’ ಎಂಬ ವಾಕ್ಯದಲ್ಲಿ ‘ಅಂಡ್’ ಬಿಟ್ಟುಹೋಗಿದೆಯೆಂದು ತಿದ್ದುವವರಿದ್ದಾರೆ. ಹಾಗೇನೂ ಬಿಟ್ಟುಹೋಗಿಲ್ಲ. ‘ಓದುತ್ತಾ ಕುಳಿತಿದ್ದಳು’ ಎಂಬುದಕ್ಕೆ ಇದು ನೇರವಾದ, ಸುಂದರವಾದ ರೂಪ. ಸಿಟ್, ಸ್ಟ್ಯಾಂಡ್, ಲೈ, ಕಮ್ ಇಂತಹ ಭಂಗಿಯ ಅಥವಾ ಚಲನೆಯ ಕ್ರಿಯಾಪದಗಳ ಮುಂದೆ ‘ಉತ್ತಾ’ ಅರ್ಥದ ‘ಇಂಗ್’ ಸರಾಗವಾಗಿ ಬರುತ್ತದೆ. ದೋಷ ಉಂಟಾಗುವುದು ಪದಗಳ ಕ್ರಮದಲ್ಲಿ. ಕನ್ನಡದಲ್ಲಿ ಮುಖ್ಯ ಕ್ರಿಯಾಪದ ಕೊನೆಗೆ ಬರುವುದರಿಂದ ‘ಓದುತ್ತಾ’ ಮೊದಲು, ‘ಕುಳಿತಿದ್ದಳು’ ನಂತರ. ಅದೇ ಸಾಲನ್ನು ಉಳಿಸಿ ‘ಶಿ ವಾಸ್ ರೀಡಿಂಗ್ ಸಿಟಿಂಗ್’ ಎಂದರೆ ಇಂಗ್ಲಿಷಿನಲ್ಲಿ ಮುಗ್ಗರಿಸುತ್ತದೆ. ಭಂಗಿ ಮೊದಲು, ಕೆಲಸ ನಂತರ. ಕುಳಿತು ತಿನ್ನದೆ ನಿಂತುಕೊಂಡೇ ತಿನ್ನುತ್ತಿದ್ದನೆಂದು ಭಂಗಿಗೆ ಒತ್ತು ಕೊಡಬೇಕಾದಾಗ ಮಾತ್ರ ಕ್ರಮ ತಿರುಗುತ್ತದೆ, ಆಗ ‘ಹಿ ವಾಸ್ ಈಟಿಂಗ್ ಸ್ಟ್ಯಾಂಡಿಂಗ್ ಅಪ್’ ಎಂದು ಕೊನೆಗೆ ‘ಅಪ್’ ಸೇರಿಸುವುದು ವಾಡಿಕೆ.

ನಮ್ಮ ಭಾಷೆಯ ದ್ವಿರುಕ್ತಿಯನ್ನು ಇಂಗ್ಲಿಷಿಗೆ ಒಯ್ಯುವುದು ಇನ್ನೊಂದು ಸಾಮಾನ್ಯ ದೋಷ. ‘ಮಾತಾಡ್ತಾ ಮಾತಾಡ್ತಾ ಮನೆ ಬಂದುಬಿಡ್ತು’ ಎಂಬ ಮಾತಿನಲ್ಲಿರುವ ಸೊಗಸು ‘ಟಾಕಿಂಗ್ ಟಾಕಿಂಗ್ ವಿ ರೀಚ್ಡ್ ಹೋಮ್’ ಎಂಬಲ್ಲಿ ಇರುವುದಿಲ್ಲ. ಅದೇ ಪದವನ್ನು ಎರಡು ಬಾರಿ ಹೇಳಿ ದೀರ್ಘ ಹೊತ್ತಿನ ಕ್ರಿಯೆಯನ್ನು ಸೂಚಿಸುವ ಪದ್ಧತಿ ಇಂಗ್ಲಿಷಿನ ಬರವಣಿಗೆಯಲ್ಲಿ ಹೀಗೆ ನಡೆಯುವುದಿಲ್ಲ. ‘ವಿ ಕೆಪ್ಟ್ ಟಾಕಿಂಗ್ ಟಿಲ್ ವಿ ಗಾಟ್ ಹೋಮ್’ ಎಂದು ‘ಕೀಪ್’ ಬಳಸಿ ಹೇಳಬೇಕು.

‘ಶಾಪಿಂಗ್‌ಗೆ ಹೋಗುತ್ತಿದ್ದೇವೆ’ ಎಂಬುದರ ‘ಗೆ’ ಪ್ರತ್ಯಯದಿಂದ ‘ವಿ ಆರ್ ಗೋಯಿಂಗ್ ಟು ಶಾಪಿಂಗ್’ ಹುಟ್ಟಿದೆ. ಸರಿಯಾದದ್ದು ‘ವಿ ಆರ್ ಗೋಯಿಂಗ್ ಶಾಪಿಂಗ್’. ಹಳೆಯ ಇಂಗ್ಲಿಷಿನಲ್ಲಿ ‘ಗೋ ಆನ್ ಹಂಟಿಂಗ್’ ಎಂಬಂತಿದ್ದ ರಚನೆಯ ‘ಆನ್’ ಸವೆದು ‘ಅ ಹಂಟಿಂಗ್’ ಆಗಿ, ಕೊನೆಗೆ ಆ ‘ಅ’ ಕೂಡ ಉದುರಿ ಇಂದಿನ ರೂಪ ಉಳಿದಿದೆ. ‘ಟು’ ಅಲ್ಲಿ ಎಂದೂ ಇರಲಿಲ್ಲ. ಈಜು, ಬೇಟೆ, ಮೀನು ಹಿಡಿಯುವುದು, ಚಾರಣ, ಖರೀದಿ ಇಂತಹ ಹೊರಗೆ ಹೋಗಿ ಮಾಡುವ ಚಟುವಟಿಕೆಗಳಿಗೆ ಮಾತ್ರ ಈ ಜೋಡಿ ಸಲ್ಲುತ್ತದೆ. ‘ಗೋಯಿಂಗ್ ಸ್ಟಡಿಯಿಂಗ್’, ‘ಗೋಯಿಂಗ್ ಈಟಿಂಗ್’ ಎಂದು ಅದನ್ನು ಹಿಗ್ಗಿಸಲು ಬರುವುದಿಲ್ಲ.

‘ಬೀಯಿಂಗ್’ ಜೊತೆಗಿನ ಜೋಡಿ

‘ಬೀಯಿಂಗ್ ಸ್ಟೇಯಿಂಗ್ ಇನ್ ಮೈಸೂರು, ಐ ಕೆನಾಟ್ ಅಟೆಂಡ್ ದ ಇಂಟರ್ವ್ಯೂ’ ಎಂಬಂತಹ ವಾಕ್ಯದಲ್ಲಿ ‘ವಾಸವಾಗಿರುವುದರಿಂದ’ ಎಂಬುದರ ‘ಇರು’ ಧಾತುವಿಗಾಗಿ ‘ಬೀಯಿಂಗ್’ ಬಂದು ಕೂತಿದೆ. ‘ಬೀಯಿಂಗ್’ ಮುಂದೆ ಕಾಲಸೂಚಕ ‘ಇಂಗ್’ ಬರುವುದು ಇಂಗ್ಲಿಷಿನಲ್ಲಿ ಸಾಧ್ಯವಿಲ್ಲ. ಈ ನಿಯಮಕ್ಕೆ ನನಗೆ ತಿಳಿದಂತೆ ಅಪವಾದವಿಲ್ಲ. ‘ಬೀಯಿಂಗ್’ ತೆಗೆದು ‘ಸ್ಟೇಯಿಂಗ್ ಇನ್ ಮೈಸೂರು’ ಎಂದರೆ ವ್ಯಾಕರಣ ಸರಿಯಾಗುತ್ತದೆ, ‘ಆಸ್ ಐ ಆ್ಯಮ್ ಇನ್ ಮೈಸೂರು’ ಎಂದರೆ ಕಾರಣವೂ ಸ್ಪಷ್ಟವಾಗುತ್ತದೆ. ‘ಬೀಯಿಂಗ್’ ಮುಂದೆ ಗುಣವಾಚಕ ಬಂದರೆ (‘ಹಿ ಈಸ್ ಬೀಯಿಂಗ್ ರೂಡ್’) ಅಥವಾ ಕರ್ಮಣಿಪ್ರಯೋಗದ ರೂಪ ಬಂದರೆ (‘ದ ಬ್ರಿಡ್ಜ್ ಈಸ್ ಬೀಯಿಂಗ್ ಬಿಲ್ಟ್’) ಅದು ಬೇರೆ ವಿಷಯ, ಸರಿಯಾದ ವಿಷಯ. ಈ ಎರಡನೆಯ ರೂಪ 18ನೆಯ ಶತಮಾನದ ಕೊನೆಯ ಹೊತ್ತಿಗೆ ಬಳಕೆಗೆ ಬಂದದ್ದು. ಅದಕ್ಕೆ ಮುಂಚೆ ‘ದ ಬ್ರಿಡ್ಜ್ ಈಸ್ ಬಿಲ್ಡಿಂಗ್’ ಎನ್ನುತ್ತಿದ್ದರು.

ಲಕ್ಷಣ: ಜೋಡಿ ಸರಿ, ಕರ್ತೃ ಬೇರೆ

‘ಸ್ಟ್ಯಾಂಡಿಂಗ್ ವೇಟಿಂಗ್ ಅಟ್ ದ ಬಸ್ ಸ್ಟಾಪ್, ದ ರೇನ್ ಸ್ಟಾರ್ಟೆಡ್’ ಎಂಬ ವಾಕ್ಯದ ಎರಡು ‘ಇಂಗ್’ಗಳ ನಡುವೆ ಜಗಳವಿಲ್ಲ, ಭಂಗಿ ಮೊದಲು, ಕೆಲಸ ನಂತರ ಎಂಬ ಕ್ರಮವೂ ಪಾಲನೆಯಾಗಿದೆ. ಆದರೆ ಮುಖ್ಯ ವಾಕ್ಯದ ಕರ್ತೃ ‘ರೇನ್’ ಆದ್ದರಿಂದ ಮಳೆಯೇ ಬಸ್ಸಿಗೆ ಕಾದು ನಿಂತಂತಾಯಿತು. ಕನ್ನಡದಲ್ಲಿಯೂ ‘ಕಾಯುತ್ತಾ ನಿಂತು ಮಳೆ ಶುರುವಾಯಿತು’ ಎಂದು ನಾವು ಹೇಳುವುದಿಲ್ಲ. ‘ಕಾಯುತ್ತಾ ನಿಂತಿದ್ದಾಗ’ ಎನ್ನುತ್ತೇವೆ. ‘ಉತ್ತಾ’ ರೂಪಕ್ಕೂ ಮುಖ್ಯ ಕ್ರಿಯೆಗೂ ಸಾಮಾನ್ಯವಾಗಿ ಕರ್ತೃ ಒಂದೇ ಆಗಿರಬೇಕು, ‘ಆಗ’ ಸೇರಿದ ರೂಪಕ್ಕೆ ಆ ಕಟ್ಟುಪಾಡಿಲ್ಲ. ಎರಡನ್ನೂ ಬರಿಯ ‘ಇಂಗ್’ನಿಂದ ಅನುವಾದಿಸುವುದರಿಂದ ಈ ಭೇದ ಅಳಿಸಿಹೋಗುತ್ತದೆ. ಆದ್ದರಿಂದ ಪೆನ್ಸಿಲಿನಲ್ಲಿ ಬರೆದ ಕನ್ನಡ ರೂಪ ‘ಆಗ’ ಎಂದು ಮುಗಿದರೆ ‘ವೈಲ್’ ಅಥವಾ ‘ವೆನ್’ ಹಾಕಿ ಕರ್ತೃವನ್ನು ಹೆಸರಿಸಬೇಕು: ‘ವೈಲ್ ಐ ವಾಸ್ ಸ್ಟ್ಯಾಂಡಿಂಗ್ ವೇಟಿಂಗ್ ಅಟ್ ದ ಬಸ್ ಸ್ಟಾಪ್, ದ ರೇನ್ ಸ್ಟಾರ್ಟೆಡ್.’

ಒಂದರ ನಂತರ ಒಂದು ನಡೆದ ಕ್ರಿಯೆಗಳಿಗೆ ಕನ್ನಡದಲ್ಲಿ ‘ಊಟ ಮಾಡಿ, ಕೈ ತೊಳೆದು, ಚೀಲ ಎತ್ತಿಕೊಂಡು ಹೊರಟ’ ಎಂದು ಎಷ್ಟು ಬೇಕಾದರೂ ಪೋಣಿಸಬಹುದು. ಇವು ‘ಮಾಡಿ’ ರೂಪಗಳು, ‘ಮಾಡುತ್ತಾ’ ರೂಪಗಳಲ್ಲ. ಇವಕ್ಕೂ ‘ಇಂಗ್’ ಹಚ್ಚಿ ‘ಈಟಿಂಗ್, ವಾಷಿಂಗ್ ಹ್ಯಾಂಡ್ಸ್, ಟೇಕಿಂಗ್ ದ ಬ್ಯಾಗ್, ಹಿ ಲೆಫ್ಟ್’ ಎಂದರೆ ಉಣ್ಣುವುದು, ತೊಳೆಯುವುದು, ಹೊರಡುವುದು ಎಲ್ಲವೂ ಒಂದೇ ಗಳಿಗೆಯಲ್ಲಿ ನಡೆದಂತೆ ಓದಿಸಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಇಂತಹ ಸರಣಿಗೆ ಸಾಮಾನ್ಯ ಭೂತಕಾಲದ ಕ್ರಿಯಾಪದಗಳೇ ಅತ್ಯುತ್ತಮ: ‘ಹಿ ಏಟ್, ವಾಷ್ಡ್ ಹಿಸ್ ಹ್ಯಾಂಡ್ಸ್, ಟುಕ್ ಹಿಸ್ ಬ್ಯಾಗ್ ಅಂಡ್ ಲೆಫ್ಟ್.’ ಮೊದಲ ಕ್ರಿಯೆ ಪೂರ್ತಿ ಮುಗಿದಿತ್ತು ಎಂಬುದನ್ನು ಒತ್ತಿ ಹೇಳಬೇಕಿದ್ದರೆ ‘ಹ್ಯಾವಿಂಗ್ ಈಟನ್’ ಎನ್ನಬಹುದು, ಆದರೆ ದಿನನಿತ್ಯದ ಇಮೇಲಿಗೆ ಆ ರೂಪ ತುಸು ಭಾರ.

‘ಅಂಡ್’ ಸೇರಿದ ಜೋಡಿಗಳು

ಎರಡು ‘ಇಂಗ್’ಗಳು ‘ಅಂಡ್’, ‘ಆರ್’, ‘ದ್ಯಾನ್’ ಇವುಗಳಿಂದ ಸೇರಿದ್ದರೆ ಎರಡೂ ಒಂದೇ ಕೆಲಸದಲ್ಲಿರಬೇಕು. ‘ಮೈ ಹಾಬೀಸ್ ಆರ್ ರೀಡಿಂಗ್ ಅಂಡ್ ಟು ಪ್ಲೇ ಕ್ರಿಕೆಟ್’ ಎಂಬಲ್ಲಿ ಎರಡನೆಯದನ್ನು ‘ಪ್ಲೇಯಿಂಗ್’ ಮಾಡಿದರೆ ಸರಿಹೋಗುತ್ತದೆ. ಸ್ವವಿವರದ ‘ಜವಾಬ್ದಾರಿಗಳು’ ಭಾಗದಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. ಅಲ್ಲಿ ‘ಪ್ರಿಪೇರಿಂಗ್ ರಿಪೋರ್ಟ್ಸ್’ ಎಂದು ಶುರುವಾದ ಪಟ್ಟಿ ಮೂರನೆಯ ಸಾಲಿನಲ್ಲಿ ‘ಟು ಚೆಕ್ ಬಿಲ್ಸ್’ ಎಂದೂ ಐದನೆಯ ಸಾಲಿನಲ್ಲಿ ‘ಟ್ರೈನ್ಡ್ ನ್ಯೂ ಸ್ಟಾಫ್’ ಎಂದೂ ಬದಲಾಗುತ್ತಾ ಹೋಗುವುದುಂಟು. ಮೊದಲ ಸಾಲಿನ ರೂಪವನ್ನೇ ಕೊನೆಯವರೆಗೆ ಹಿಡಿದು ‘ಚೆಕಿಂಗ್ ಬಿಲ್ಸ್’, ‘ಟ್ರೈನಿಂಗ್ ನ್ಯೂ ಸ್ಟಾಫ್’ ಎಂದು ಬರೆಯಬೇಕು. ಪಟ್ಟಿಯ ಮೇಲೆ ‘ಐ ವಾಸ್ ರೆಸ್ಪಾನ್ಸಿಬಲ್ ಫಾರ್’ ಎಂಬ ಮಾತು ಇದ್ದರೆ ಆ ‘ಫಾರ್’ ಕೆಳಗಿನ ಪ್ರತಿ ಸಾಲಿನಲ್ಲೂ ‘ಇಂಗ್’ ಬೇಡುತ್ತದೆ. ‘ಮೈ ಡ್ಯೂಟೀಸ್ ವರ್’ ಎಂದಿದ್ದರೆ ‘ಇಂಗ್’ ಅಥವಾ ‘ಟು’ ಯಾವುದಾದರೊಂದನ್ನು ಆರಿಸಿಕೊಳ್ಳಬಹುದು, ಆದರೆ ಒಮ್ಮೆ ಆರಿಸಿದ ಮೇಲೆ ಪಟ್ಟಿ ಮುಗಿಯುವವರೆಗೆ ಅದನ್ನು ಬದಲಿಸುವಂತಿಲ್ಲ.